ಕಾಕಾನ ಅಂಗಡಿಯಿಂದ ಒಯ್ದದ್ದು

ಹೋದ ವರ್ಷ ದೀಪಾವಳಿ ಕಳೆದ ಮರುವಾರ, ಗುಲಮಂಡಿಯ ಹಿಂಬದಿಯ ಗಲ್ಲಿಯಲ್ಲಿರುವ ಎಂಟಡಿ ಅಗಲದ ರಿಪೇರಿ ಅಂಗಡಿಯೊಂದರಲ್ಲಿ ಕೂತು ನಾನೊಂದು ಕೆಲಸ ಮಾಡಿದೆ. ಅದನ್ನು ಕಳ್ಳತನ ಅನ್ನಬೇಕೋ ಬೇಡವೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಂಗಡಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ನಾನು 2011ರಲ್ಲಿ ಕೆಲಸಕ್ಕೆಂದು ಬಂದಾಗ ಊರಿನ ಹೆಸರು ಔರಂಗಾಬಾದ್. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಐದು ವರ್ಷ ದುಡಿದು ಆಮೇಲೆ ನಾಸಿಕ್‌ಗೆ ಬಂದೆ. ಶನಿವಾರ ಭಾನುವಾರ ಗಿಟಾರ್ ನುಡಿಸುತ್ತೇನೆ. ನಾಲ್ಕು ಜನರ ಒಂದು ರಾಕ್ ಬ್ಯಾಂಡ್ ನಮ್ಮದು. ನಾಲ್ವರದೂ ನಾಲ್ಕು ಮಾತೃಭಾಷೆ, ಜಗಳ ಮಾತ್ರ ಹಿಂದಿಯಲ್ಲಿ. ವಾಳೂಜ್‌ನಲ್ಲಿದ್ದಾಗ ನನ್ನ ಕೆಟ್ಟ ಪೆಡಲ್ ಒಂದನ್ನು ಹಿಡಿದುಕೊಂಡು ಊರೆಲ್ಲ ಅಲೆದು ಕೊನೆಗೆ ಸಿಕ್ಕವರು ಈ ಕಾಕಾ. ಈಗ ಎಪ್ಪತ್ತು ದಾಟಿದೆ. ರೇಡಿಯೋ, ಮಿಕ್ಸಿ, ದೇವಸ್ಥಾನದ ಅಹುಜಾ ಆಂಪ್ಲಿಫೈಯರ್, ಏನು ಕೊಟ್ಟರೂ ಬಿಚ್ಚಿ ಕೂರುತ್ತಾರೆ. ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಒಂದು ಗಿಟಾರ್ ಆಂಪ್ ಕೂತಿರುತ್ತದೆ. ಅವರ ಅಣ್ಣ 1978ರಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಒಂದಕ್ಕೆಂದು ಕೈಯಾರೆ ಕಟ್ಟಿದ್ದು. ಅಣ್ಣ ಈಗಿಲ್ಲ. ಆರ್ಕೆಸ್ಟ್ರಾನೂ ಇಲ್ಲ.

ಆ ಭಾನುವಾರ ನಾನು ಲ್ಯಾಪ್‌ಟಾಪಿನಿಂದ ಒಂದು ವೈರನ್ನು ಆ ಆಂಪ್‌ಗೆ ಚುಚ್ಚಿದೆ. ಸ್ಪೀಕರ್ ಮುಂದೆ ಒಂದು ಶೂರ್ ಎಸ್‌ಎಂ57 ಮೈಕು ಇಟ್ಟು ಅದರ ವೈರನ್ನು ವಾಪಸ್ ಲ್ಯಾಪ್‌ಟಾಪಿಗೆ ತಂದೆ. ಮೂರು ನಿಮಿಷಗಳಷ್ಟು ಉದ್ದದ ಒಂದು ಪರೀಕ್ಷೆಯ ಸದ್ದು ಇದೆ, ಕೀಚಲು, ಸುಯ್ಯೆನ್ನುವುದು, ಗಿಟಾರಿನ ತುಣುಕು ಎಲ್ಲ ಸೇರಿದ ಕಲಸುಮೇಲೋಗರ. ಅದನ್ನು ಆಂಪ್ ಒಳಗೆ ಬಿಟ್ಟು, ಹೊರಗೆ ಬಂದದ್ದನ್ನು ಹಿಡಿದಿಟ್ಟುಕೊಳ್ಳಬೇಕು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಕಂಪ್ಯೂಟರ್ ತಾನೇ ಕಲಿತು ಒಂದು ಫೈಲ್ ಮಾಡಿಕೊಡುತ್ತದೆ. ಇದಕ್ಕೆ ಕ್ಯಾಪ್ಚರ್ ಅನ್ನುತ್ತಾರೆ. ಒಂದು ದಶಕದ ಹಿಂದೆ ಜರ್ಮನಿಯ ಕೆಂಪರ್ ಪೆಟ್ಟಿಗೆ ಇಂಥದ್ದನ್ನೇ ಮಾಡಿದಾಗ ಅದರ ಬೆಲೆ ಕೇಳಿ ನಾವು ನಕ್ಕು ಸುಮ್ಮನಾಗಿದ್ದೆವು. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ತಂತ್ರಾಂಶವೇ ಸಾಕು. ಫೈಲ್ ಮೊಬೈಲಿನ ಒಂದು ಫೋಟೋಗಿಂತ ಚಿಕ್ಕದು. ಆ ಫೈಲ್ ತೆರೆದು ಗಿಟಾರ್ ನುಡಿಸಿದರೆ ಕಾಕಾನ ಅಣ್ಣನ ಆಂಪ್ ಕೇಳಿಸುತ್ತದೆ.

ವೈರು ಸುತ್ತುತ್ತಿದ್ದಾಗ ಕಾಕಾ ಚಹಾದ ಗ್ಲಾಸ್ ಕೆಳಗಿಟ್ಟು ಕೇಳಿದರು: "ಕಾಯ್ ಘೆತಲಂಸ ರೇ?" ಏನು ತಗೊಂಡೆಯೋ?

"ಕಾಹೀ ನಾಹೀ, ಕಾಕಾ. ಸುಮ್ಮನೆ ಒಂದು ಟೆಸ್ಟಿಂಗ್."

ಆಂಪ್‌ನಿಂದ ಒಂದು ಸ್ಕ್ರೂ ಕೂಡ ಕಡಿಮೆ ಆಗಿರಲಿಲ್ಲ. ಹಾಗಾದರೆ ನಾನು ಹೇಳಿದ್ದು ನಿಜವೇ ತಾನೆ? ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೆ ಯಾವ ಬಗೆಯ ಸುಳ್ಳು ಅಂತ ಗೊತ್ತಿರಲಿಲ್ಲ.

ಈ ಉಪದ್ವ್ಯಾಪಕ್ಕೆ ಯಾಕೆ ಹೋದೆ ಅಂದರೆ ಅದಕ್ಕೂ ಎರಡು ವರ್ಷ ಮೊದಲು ಆ ಆಂಪನ್ನೇ ನಾಸಿಕ್‌ಗೆ ಹೊತ್ತುಕೊಂಡು ಹೋಗಿದ್ದೆವು. ನಾಸಿಕ್‌ನಲ್ಲಿ ಗಂಗಾಪುರ ಅಣೆಕಟ್ಟಿನ ಕಡೆಯೆಲ್ಲ ದ್ರಾಕ್ಷಿತೋಟ. ಸುಲಾದವರು 2008ರಲ್ಲಿ ತಮ್ಮ ತೋಟದಲ್ಲಿ ಸಂಗೀತೋತ್ಸವ ಶುರು ಮಾಡಿದ ಮೇಲೆ, ದ್ರಾಕ್ಷಿ ಬೆಳೆಯುವ ಯಾರಿಗಾದರೂ ಒಂದು ವೇದಿಕೆ ಹಾಕಿ ಗಿಟಾರ್ ನುಡಿಸಬೇಕು ಅನಿಸಲು ಅಡ್ಡಿಯಿಲ್ಲ. ಅಂಥ ಒಂದು ಸಣ್ಣ ತೋಟದಲ್ಲಿ ನಮಗೆ ಮುಕ್ಕಾಲು ಗಂಟೆ ಸಿಕ್ಕಿತ್ತು. ನನಗೋ ಹಳೇ ವಾಲ್ವ್ ಆಂಪ್‌ನಲ್ಲೇ ನುಡಿಸಬೇಕೆಂಬ ಚಪಲ. ಗೆಳೆಯನ ಬೊಲೆರೋದಲ್ಲಿ, ಮಗುವನ್ನು ಮಲಗಿಸಿದ ಹಾಗೆ ಸುತ್ತ ಹಾಸಿಗೆ ಕೊಟ್ಟು ತಂದೆವು. ತಲೆಭಾಗ ಒಬ್ಬರಿಗೆ ಎತ್ತಲು ಭಾರ, ಸ್ಪೀಕರ್ ಪೆಟ್ಟಿಗೆ ಇಬ್ಬರಿಗೂ ಭಾರ.

ವಾಲ್ವ್ ಅಂದರೆ ಬಲ್ಬಿನ ದಾಯಾದಿ. ಒಳಗಿನ ತಂತಿ ಕೆಂಪಾಗಿ ಕಾಯಬೇಕು. ಅದಕ್ಕೆ ಬೇಕಾದ್ದು ಸಾಮಾನ್ಯವಾಗಿ 6.3 ವೋಲ್ಟ್. ಜೊತೆಗೆ ಇನ್ನೊಂದು ಬದಿಯಲ್ಲಿ ಮುನ್ನೂರು ನಾನೂರು ವೋಲ್ಟ್. ಎರಡೂ ಬರುವುದು ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ. ಗೋಡೆಯಲ್ಲಿ 230 ಇರಬೇಕಾದ್ದು ಇಳಿದರೆ ಇವೂ ಅದೇ ಲೆಕ್ಕದಲ್ಲಿ ಇಳಿಯುತ್ತವೆ. ತೋಟದಲ್ಲಿ ಇದ್ದದ್ದು ಜನರೇಟರ್. ವೇದಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗಲೆಲ್ಲ ನನ್ನ ಗಿಟಾರ್ ಜ್ವರ ಬಂದವನ ಹಾಗೆ ಕ್ಷೀಣವಾಗುತ್ತಿತ್ತು. ಮೂರನೇ ಹಾಡಿನ ನಡುವೆ ಫ್ಯೂಸ್ ಹೋಯಿತು. ಬೇಸ್ ನುಡಿಸುವವನ ಬ್ಯಾಗಿನಲ್ಲಿ ಅಂಗೈಯಗಲದ ಒಂದು ಡಿಜಿಟಲ್ ಪೆಡಲ್ ಇತ್ತು. ಅದನ್ನು ನೇರ ಮಿಕ್ಸರ್‌ಗೆ ಚುಚ್ಚಿ ಉಳಿದದ್ದನ್ನು ಮುಗಿಸಿದೆವು. ಅದರ ಅಡಾಪ್ಟರ್‌ಗೆ 100ರಿಂದ 240 ವೋಲ್ಟ್ ತನಕ ಯಾವುದಾದರೂ ಆದೀತು. ಯಾರೂ ಏನೂ ಗಮನಿಸಲಿಲ್ಲ. ಆ ಯಾರೂ ಗಮನಿಸದ್ದು ನನಗೆ ಫ್ಯೂಸ್ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು.

ಬಯಲಿನ ಕಾರ್ಯಕ್ರಮಕ್ಕೆ ಹೊಸದೇ ಸರಿ ಎಂಬುದರಲ್ಲಿ ನನಗೀಗ ಅನುಮಾನವಿಲ್ಲ. ಹಳೆಯದರ ಬಗ್ಗೆ ಕಣ್ಣೀರು ಹಾಕುವವರು ಒಂದು ಸಲ ಅದನ್ನು ಎರಡು ಮಹಡಿ ಹತ್ತಿಸಲಿ, ಆಮೇಲೆ ಮಾತಾಡೋಣ. ಕೇಳಲು ಬಂದವರ ಋಣವೂ ಒಂದಿದೆ: ಅವರಿಗೆ ಹಾಡು ಪೂರ್ತಿ ಕೇಳಿಸಬೇಕು. 1965ರಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಮ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ನುಡಿಸಿದಾಗ ಇದ್ದದ್ದು ನೂರು ವ್ಯಾಟಿನ ವಾಕ್ಸ್ ಆಂಪ್‌ಗಳು, ಜೊತೆಗೆ ಆಟದ ಮೈದಾನದ ಧ್ವನಿವರ್ಧಕ. ಕಿರುಚಾಟದ ನಡುವೆ ತಾವು ನುಡಿಸಿದ್ದು ತಮಗೇ ಕೇಳಿಸದಂಥ ಪರಿಸ್ಥಿತಿ. ಆ ಕಾಲದ ಸಲಕರಣೆಯನ್ನು ಪೂಜಿಸುವಾಗ ಇದನ್ನು ಮರೆಯುತ್ತೇವೆ.

ಇನ್ನೊಂದನ್ನೂ ಮರೆಯುತ್ತೇವೆ. ನಾವಿಂದು ಬೆಚ್ಚಗಿನ ಸದ್ದು, ಹಳೇ ಸದ್ದು ಎಂದು ಹುಡುಕುವುದು ಆ ಕಾಲದವರ ಲೆಕ್ಕದಲ್ಲಿ ದೋಷ. ಲಿಯೋ ಫೆಂಡರ್‌ಗೆ ಬೇಕಿದ್ದದ್ದು ತಿಳಿಯಾದ ಸದ್ದು. ವಾಲ್ವ್‌ಗೆ ತಡೆಯಲಾರದಷ್ಟು ಕೊಟ್ಟರೆ ಅದು ಅಲೆಯ ತಲೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುವುದಿಲ್ಲ, ಮೆಲ್ಲಗೆ ಒರೆದು ದುಂಡಗೆ ಮಾಡುತ್ತದೆ. ಆಗ ಮೂಲ ಸ್ವರದ ಜೊತೆ ಅದರ ಮೇಲಿನ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಅದು ಯಂತ್ರ ಸೋತ ಸದ್ದು. ಆ ಸೋಲು ಹುಡುಗರಿಗೆ ಇಷ್ಟವಾಯಿತು, ರಾಕ್ ಸಂಗೀತ ಅದರ ಮೇಲೇ ನಿಂತಿತು. ಟೇಪಿನ ಸುಯ್ ಸದ್ದನ್ನು ಓಡಿಸಲು ಒಂದು ತಲೆಮಾರಿನ ಎಂಜಿನಿಯರುಗಳು ಹೆಣಗಿದರು. ಈಗ ಅದೇ ಸುಯ್ ಸದ್ದನ್ನು ತಂತ್ರಾಂಶದಲ್ಲಿ ಸೇರಿಸಿ ದುಡ್ಡಿಗೆ ಮಾರುತ್ತಾರೆ, ನಾನೂ ಒಂದು ಕೊಂಡಿದ್ದೇನೆ.

ಅಸಲಿ ಅನ್ನುವ ಮಾತೂ ಹೀಗೇ ಕೈಯಲ್ಲಿ ಹಿಡಿದರೆ ಜಾರುತ್ತದೆ. ಕಾಕಾನ ಅಣ್ಣ ಕಟ್ಟಿದ್ದು ಮಾರ್ಷಲ್ ಆಂಪ್‌ನ ನಕಲು. ಯಾರೋ ಮುಂಬೈಯಿಂದ ತಂದುಕೊಟ್ಟ, ಪ್ರತಿಯ ಮೇಲೆ ಪ್ರತಿ ತೆಗೆದು ಮಸುಕಾದ ಸರ್ಕ್ಯೂಟ್ ಚಿತ್ರ ನೋಡಿ ಕಟ್ಟಿದ್ದು. ಆದರೆ ಲಂಡನ್ನಿನ ಜಿಮ್ ಮಾರ್ಷಲ್ ಮತ್ತವರ ಹುಡುಗರು 1962-63ರಲ್ಲಿ ಮಾಡಿದ ಮೊದಲ ಆಂಪ್, ಜೆಟಿಎಂ45, ತಾನೇ ಅಮೆರಿಕದ ಫೆಂಡರ್ ಬಾಸ್‌ಮನ್‌ನ ಹತ್ತಿರ ಹತ್ತಿರ ಪಡಿಯಚ್ಚು. ಬಾಸ್‌ಮನ್ ಮಾಡಿದ್ದು ಬೇಸ್ ಗಿಟಾರ್‌ಗೆ; ಉಳಿದವರೂ ಅದನ್ನೇ ಹಿಡಿದರು. ಅಲ್ಲಿ ಸಿಗುವ ವಾಲ್ವ್, ಅಲ್ಲಿ ಸಿಗುವ ಟ್ರಾನ್ಸ್‌ಫಾರ್ಮರ್, ಅಲ್ಲಿ ಸಿಗುವ ಸ್ಪೀಕರ್ ಹಾಕಿದ್ದರಿಂದ ಮಾರ್ಷಲ್ ಬೇರೆಯಾಯಿತು. ಔರಂಗಾಬಾದಿನ ಆಂಪ್ ಕೂಡ ಹಾಗೇ ಬೇರೆಯಾಯಿತು. ಅದರ ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ಅಲ್ಲೇ, ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ. ಮುಂಭಾಗದ ಇಸಿಸಿ83 ವಾಲ್ವ್‌ಗಳನ್ನು ಒಂದು ದಿನ ಒರೆಸಿ ನೋಡಿದರೆ ಗಾಜಿನ ಮೇಲೆ ಮಾಸಿದ ಅಕ್ಷರ: ಬಿಇಎಲ್, ಇಂಡಿಯಾ.

ನಾನು ಜಾಲಹಳ್ಳಿಯವನು. ಬಿಇಎಲ್‌ನ ಸೈರನ್ ಕೇಳಿಕೊಂಡು ಬೆಳೆದವನು. 1961ರಿಂದ ಅಲ್ಲಿ ರೇಡಿಯೋ ವಾಲ್ವ್‌ಗಳನ್ನು ಮಾಡುತ್ತಿದ್ದರು, ಹಾಲೆಂಡಿನ ಫಿಲಿಪ್ಸ್‌ನವರಿಂದ ಕಲಿತು. ಅದೂ ಒಂದು ನಕಲೇ ಅನ್ನಿ. ನನ್ನ ಸೋದರತ್ತೆ ಮದುವೆಗೆ ಮುಂಚೆ ಕೆಲವು ವರ್ಷ ಆ ವಿಭಾಗದಲ್ಲಿದ್ದರು. ಫೋಟೋ ಕಳಿಸಿ ಇದು ನೀವು ಮಾಡಿದ್ದಾ ಅಂತ ಕೇಳಿದೆ. "ನಂಗೇನು ಗೊತ್ತು, ಸಾವಿರಾರು ಮಾಡ್ತಿದ್ವಿ, ಒಂದರ ಮೇಲೂ ನಮ್ ಹೆಸರು ಬರೀತಿರ್ಲಿಲ್ಲ" ಅಂದರು. ಅಲ್ಲಿಗೆ ನನ್ನ ಭಾವುಕತೆ ಅರ್ಧಕ್ಕೆ ನಿಂತಿತು.

ಇಷ್ಟೆಲ್ಲ ಯೋಚಿಸಿ ನಾನು ನನಗೊಂದು ವಾದ ಕಟ್ಟಿಕೊಂಡಿದ್ದೆ. ಎಲ್ಲವೂ ನಕಲಿನ ನಕಲು. ಫೆಂಡರ್‌ನಿಂದ ಮಾರ್ಷಲ್, ಮಾರ್ಷಲ್‌ನಿಂದ ಕಾಕಾನ ಅಣ್ಣ, ಅಣ್ಣನಿಂದ ನನ್ನ ಫೈಲ್. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪಕ್ಕೇನು ನಷ್ಟ? ಕಾಕಾಗೆ ಆ ಆಂಪ್‌ನಿಂದ ಬರುತ್ತಿದ್ದ ಬಾಡಿಗೆ ನಿಂತು ಎಷ್ಟೋ ಕಾಲವಾಯಿತು. ಅದನ್ನು ನಿಲ್ಲಿಸಿದ್ದು ಕೀಬೋರ್ಡು ಮತ್ತು ಟ್ರ್ಯಾಕು, ನಾನಲ್ಲ. ಈ ಧೈರ್ಯದಲ್ಲೇ ಫೈಲನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಏರಿಸಿದೆ. ಹೆಸರು: ಔರಂಗಾಬಾದ್ ಕ್ರಂಚ್. ನೂರಾರು ಜನ ಇಳಿಸಿಕೊಂಡರು. ಬ್ರೆಜಿಲ್‌ನವನೊಬ್ಬ ಹೊಗಳಿ ಬರೆದ. ಹೊಗಳಿಕೆ ಬಂದದ್ದು ನನ್ನ ಹೆಸರಿಗೆ.

ಜನವರಿಯಲ್ಲಿ ನಾಸಿಕ್‌ನಲ್ಲೇ ಇನ್ನೊಂದು ಕಾರ್ಯಕ್ರಮ. ಈ ಸಲ ಕೈಯಲ್ಲಿ ಬರೀ ಗಿಟಾರ್, ಬೆನ್ನಿಗೆ ಒಂದು ಬ್ಯಾಗ್. ನಾಸಿಕ್‌ನ ಜನವರಿಯ ಚಳಿ ತಂತಿಗಳ ಶ್ರುತಿಯನ್ನು ಗಳಿಗೆಗೊಮ್ಮೆ ಕೆಡಿಸುತ್ತಿತ್ತು, ಉಳಿದದ್ದೆಲ್ಲ ಸರಾಗ. ಮುಗಿದ ಮೇಲೆ ಮಧ್ಯವಯಸ್ಸಿನವರೊಬ್ಬರು ಬಂದು, "ವಾಲ್ವ್ ಆಂಪ್ ಅಲ್ಲವಾ? ಎಷ್ಟಾದರೂ ಅದರ ಸದ್ದೇ ಬೇರೆ, ಕೇಳಿದ ಕೂಡಲೇ ಗೊತ್ತಾಗುತ್ತೆ" ಅಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾನು ತಲೆಯಾಡಿಸಿದೆ. ಒಂದೇ ಫೈಲಿನಿಂದ ಎರಡನೇ ಸುಳ್ಳು. ಅವರಿಗೆ ಮೋಸವಾಯಿತೇ? ಕಿವಿಗೆ ಸಿಗಬೇಕಾದ್ದು ಪೂರ್ತಿ ಸಿಕ್ಕಿದೆ. ಆದರೆ ಅವರು ಮೆಚ್ಚಿದ್ದು ಬರೀ ಸದ್ದನ್ನಲ್ಲ, ಯಾರೋ ಇನ್ನೂ ಆ ಭಾರ ಹೊರುತ್ತಿದ್ದಾರೆ ಎಂಬುದನ್ನು. ನಾನು ಹೊರದ ಭಾರಕ್ಕೆ ಶಹಬ್ಬಾಸ್ ತೆಗೆದುಕೊಂಡೆ.

ದೀಪದ ವಾದದಲ್ಲಿ ಎಲ್ಲಿ ತೂತಿದೆ ಎಂದು ಆಮೇಲೆ ಹೊಳೆಯಿತು. ಮಾಗಡಿ ಕಡೆಯ ನಮ್ಮಜ್ಜಿ ಹೇಳುತ್ತಿದ್ದರು: ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ಬೆಳಿಗ್ಗೆ ಎದ್ದರೆ ಪಕ್ಕದ ಮನೆಗೆ ಬೆರಣಿ ಹಿಡಿದುಕೊಂಡು ಕೆಂಡಕ್ಕೆ ಹೋಗುತ್ತಿದ್ದರಂತೆ. ಕೊಟ್ಟವರ ಒಲೆ ಆರುತ್ತಿರಲಿಲ್ಲ. ಆದರೂ ಯಾರೂ ಹಿತ್ತಲಿಂದ ನುಗ್ಗಿ ಕೆಂಡ ಎತ್ತಿಕೊಂಡು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಬೇಕು. ಕೇಳುವಾಗ ಒಂದೆರಡು ಮಾತು, ಮಗು ಹೇಗಿದೆ, ಹಸು ಕರು ಹಾಕಿತಾ. ನಾಳೆ ಅವರ ಒಲೆ ಆರಿದ್ದರೆ ಅವರು ನಮ್ಮ ಬಾಗಿಲಿಗೆ. ಕಡಿಮೆಯಾಗದ ವಸ್ತುವನ್ನೂ ಕೇಳಿ ಪಡೆಯುತ್ತಿದ್ದರು. ನಷ್ಟವಿಲ್ಲ, ಆದ್ದರಿಂದ ಕೇಳಬೇಕಿಲ್ಲ ಎಂಬುದು ನನ್ನ ಲೆಕ್ಕ. ಅಜ್ಜಿಯ ಊರಿನ ಲೆಕ್ಕ ಅದಲ್ಲ.

ಮಾರ್ಚಿನಲ್ಲಿ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದರು. ಮಹಾರಾಷ್ಟ್ರದಲ್ಲಿರುವ ಯಾವ ಕನ್ನಡಿಗನಿಗೂ ತಪ್ಪದ ಒಂದು ಕರ್ತವ್ಯ, ಎಲ್ಲೋರ ತೋರಿಸುವುದು. ತಪೋವನ್ ಎಕ್ಸ್‌ಪ್ರೆಸ್ ಹಿಡಿದು ಸಂಭಾಜಿನಗರಕ್ಕೆ ಬಂದು, ಅಲ್ಲಿಂದ ಮೂವತ್ತು ಕಿಲೋಮೀಟರ್ ಟ್ಯಾಕ್ಸಿ. ಕೈಲಾಸನಾಥದ ಮುಂದೆ ಅಪ್ಪ ರಾಷ್ಟ್ರಕೂಟ ಒಂದನೇ ಕೃಷ್ಣನ ಬಗ್ಗೆ ಪಕ್ಕದ ಗುಜರಾತಿ ಕುಟುಂಬಕ್ಕೂ ಪಾಠ ಮಾಡಿದರು. ಅದಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲಕ್ಕೂ ಇರುವ ಹೋಲಿಕೆ, ವಿರೂಪಾಕ್ಷಕ್ಕೂ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆ ಎಲ್ಲ ಹೇಳಿದರು. ನನಗೆ ಅಲ್ಲೂ ಫೆಂಡರ್, ಮಾರ್ಷಲ್ ಕಾಣಿಸಿ ನಗು ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತನೆಯ ಗುಹೆ. ಬೌದ್ಧ ಚೈತ್ಯ. ಒಳಗೆ ಬುದ್ಧ, ಹಿಂದೆ ಸ್ತೂಪ, ಮೇಲೆ ಕಮಾನಿನ ಛಾವಣಿ. ಆ ಛಾವಣಿಯ ಉದ್ದಕ್ಕೂ ಪಕ್ಕೆಲುಬುಗಳ ಹಾಗೆ ಬಾಗಿದ ತೊಲೆಗಳು. "ಇಷ್ಟು ವರ್ಷ ಮರ ಹೇಗೆ ಉಳೀತು?" ಅಂದರು ಅಮ್ಮ. ಮರವಲ್ಲ, ಕಲ್ಲು. ಇಡೀ ಛಾವಣಿ ಒಂದೇ ಬೆಟ್ಟ. ಅದನ್ನು ಹೊರಲು ತೊಲೆ ಬೇಕಿಲ್ಲ. ಹಿಂದೆ ಚೈತ್ಯಗಳನ್ನು ಮರದಲ್ಲಿ ಕಟ್ಟುತ್ತಿದ್ದರು, ಆ ಮರದ ನೆನಪನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ನಾಸಿಕ್‌ನ ಪಾಂಡವಲೇಣಿಯ ಹದಿನೆಂಟನೆಯ ಗುಹೆಯ ಮುಖದಲ್ಲೂ ಇದೇ ಮರಗೆಲಸದ ಅನುಕರಣೆ ಇದೆ, ಎಲ್ಲೋರಕ್ಕಿಂತ ಶತಮಾನಗಳಷ್ಟು ಹಳೆಯದು. ನಾನು ವಾರಕ್ಕೊಮ್ಮೆ ಆ ಬೆಟ್ಟ ಹತ್ತಿದರೂ ನೋಡಿರಲಿಲ್ಲ. ಹೊಸ ಮಾಧ್ಯಮ ಹಳೆಯದರ ಸೋಗು ಹಾಕುವುದು ನಮ್ಮ ಕಾಲದ ರೋಗ ಅಂದುಕೊಂಡಿದ್ದೆ. ಇವರು ಕಲ್ಲಿನಲ್ಲಿ ಮರದ ಕ್ಯಾಪ್ಚರ್ ಮಾಡಿಟ್ಟಿದ್ದಾರೆ, ಬೇಡದ ತೊಲೆಗಳ ಸಮೇತ. ಅದರೊಳಗೆ ನಿಂತರೆ ಮೋಸ ಅನಿಸುವುದಿಲ್ಲ.

ಯಾಕೆ ಅನಿಸುವುದಿಲ್ಲ? ಹೊರಗೆ ಬರುವಾಗ ಟ್ಯಾಕ್ಸಿಯವನು ಆ ಗುಹೆಯ ಆಡುಹೆಸರು ಹೇಳಿದ: ಸುತಾರ್ ಕಾ ಝೋಪಡಾ. ಬಡಗಿಯ ಗುಡಿಸಲು. ಕಲ್ಲುಕುಟಿಗರು ಕೆತ್ತಿದ ಗುಹೆ, ಊರವರ ಬಾಯಲ್ಲಿ ಬಡಗಿಯ ಹೆಸರು. ವಿಶ್ವಕರ್ಮ ಗುಹೆ ಎಂಬ ಇನ್ನೊಂದು ಹೆಸರಿನಲ್ಲೂ ಕುಶಲಕರ್ಮಿಯೇ ಇದ್ದಾನೆ. ಯಾರೂ ಯೋಚಿಸಿ ಇಟ್ಟ ಹೆಸರಲ್ಲ ಅದು, ಕೆತ್ತಿದವರು ಇಟ್ಟದ್ದಂತೂ ಅಲ್ಲ. ಆದರೆ ನೋಡಿದ ಜನ ಇದು ಯಾರ ವಿದ್ಯೆಯಿಂದ ಬಂತು ಎಂದು ಗುರುತಿಸಿ ಹಾಗೆ ಕರೆದರು. ಔರಂಗಾಬಾದ್ ಕ್ರಂಚ್ ಅನ್ನುವ ನನ್ನ ಹೆಸರಿನಲ್ಲಿ ಊರಿತ್ತು, ಸದ್ದಿತ್ತು, ಬಡಗಿ ಇರಲಿಲ್ಲ.

ಅಪ್ಪ ಅಮ್ಮನನ್ನು ಹೋಟೆಲಿನಲ್ಲಿ ಬಿಟ್ಟು ಸಂಜೆ ಗುಲಮಂಡಿಗೆ ಹೋದೆ. ಕಾಕಾ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಬಿಚ್ಚಿ ಕೂತಿದ್ದರು. ಆರ್ಕೆಸ್ಟ್ರಾದ ಹಳೇ ಟೇಪ್ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಹಾಡು ಎದ್ದು ಬಿದ್ದು ಓಡುತ್ತಿತ್ತು, ಆದರೆ ಓಡುತ್ತಿತ್ತು. ನನ್ನ ಕಾಲೇಜು ಬ್ಯಾಂಡಿನ 2004ರ ರೆಕಾರ್ಡಿಂಗ್ ಒಂದು ಹಾರ್ಡ್‌ಡಿಸ್ಕಿನಲ್ಲಿದೆ. ಅದನ್ನು ತೆರೆಯುವ ತಂತ್ರಾಂಶ ಈಗಿನ ಯಾವ ಕಂಪ್ಯೂಟರಿನಲ್ಲೂ ಏಳುವುದಿಲ್ಲ. ಕಳೆದ ವರ್ಷ ತೀರಿಕೊಂಡ... ಅಲ್ಲ, 2024ರಲ್ಲಿ ತೀರಿಕೊಂಡ ಸ್ಟೀವ್ ಆಲ್ಬಿನಿ, ನಿರ್ವಾಣ ಬ್ಯಾಂಡಿನ ಇನ್ ಯೂಟೆರೋ ಮುದ್ರಿಸಿದ ಎಂಜಿನಿಯರ್, ಕೊನೆಯವರೆಗೂ ಟೇಪನ್ನು ಬಿಡದಿದ್ದಕ್ಕೆ ಕೊಡುತ್ತಿದ್ದ ಕಾರಣ ಸದ್ದು ಚೆನ್ನಾಗಿರುತ್ತದೆ ಅಂತಲ್ಲ, ಮುಂದಿನವರು ಅದನ್ನು ತೆರೆಯಬಲ್ಲರು ಅಂತ. ಮುದ್ರಣದ ವಿಷಯದಲ್ಲಿ ಹಳೆಯದರ ಪರ ನನಗೆ ಒಪ್ಪಿಗೆಯಾಗುವ ವಾದ ಇದೊಂದೇ.

ಲ್ಯಾಪ್‌ಟಾಪ್ ತೆಗೆದು ಕಾಕಾಗೆ ಎಲ್ಲ ಹೇಳಿದೆ. ಅವತ್ತು ಟೆಸ್ಟಿಂಗ್ ಅಂದದ್ದು ಸುಳ್ಳು ಅಂತಲೂ ಹೇಳಿದೆ. ಬ್ರೆಜಿಲ್‌ನವನ ಹೊಗಳಿಕೆಯನ್ನು ಹಿಂದಿಗೆ ಅನುವಾದಿಸಿ ಓದಿದೆ. ಅವರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ನಾನು ನುಡಿಸಿದ್ದನ್ನು ತುಂಬ ಹೊತ್ತು ಕೇಳಿದರು.

"ದಾದಾನದ್ದೇ," ಅಂದರು. ಆಮೇಲೆ, "ವಾಲ್ಯೂಮ್ ಏಳರ ಮೇಲಿದೆ. ಮೂರಕ್ಕೆ ತಾ. ಮೂರರಲ್ಲಿ ಇದು ಚೆನ್ನಾಗಿ ಅಳುತ್ತೆ."

"ಬರಲ್ಲ ಕಾಕಾ. ಅವತ್ತು ಹೇಗಿಟ್ಟಿದ್ದೆನೋ ಹಾಗೆ ಮಾತ್ರ."

"ಅಂದರೆ ಫೋಟೋ."

"ಹೂಂ, ಫೋಟೋ ಥರ."

"ಫೋಟೋ ತೆಗೀತೀನಿ ಅಂತ ಮುಂಚೆ ಹೇಳಬೇಕಲ್ಲವಾ? ಧೂಳಾದರೂ ಒರೆಸ್ತಿದ್ದೆ. ಎರಡನೇ ವಾಲ್ವ್ ಹೋಗೋ ಹಂತದಲ್ಲಿತ್ತು, ಹೊಸದು ಹಾಕ್ತಿದ್ದೆ. ಕೆಟ್ಟ ವಾಲ್ವ್‌ನ ಸದ್ದನ್ನು ಊರೆಲ್ಲ ಹಂಚಿದ್ದೀಯ."

ದುಡ್ಡಿನ ಮಾತು ತೆಗೆದೆ. ಅದು ಬೇಡ, ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಹಳೇ ಬಿಇಎಲ್ ವಾಲ್ವ್ ಎರಡು ಸಿಕ್ಕರೆ ತಾ ಅಂದರು. ಅಣ್ಣನ ಹೆಸರನ್ನು ಫೈಲಿನ ಜೊತೆ ಹಾಕಲೇ ಎಂದು ಕೇಳಿದೆ. ಬಿಲ್ ಪುಸ್ತಕ ತೆರೆದು ಒಂದು ಹಾಳೆಯ ಹಿಂದೆ ದೇವನಾಗರಿಯಲ್ಲಿ ಪೂರ್ತಿ ಹೆಸರು, ತಂದೆಯ ಹೆಸರು, 1978 ಎಂದು ಬರೆದರು. ಹರಿದು ಕೊಡುವ ಮುಂಚೆ ಪೆನ್ನು ಹಾಗೇ ಹಿಡಿದು ನಿಂತರು.

"ಪೆಟ್ಟಿಗೆ ಮಾಡಿದ್ದು ದಾದಾ ಅಲ್ಲ. ಶಹಾಗಂಜ್‌ನ ಒಬ್ಬ ಸುತಾರ. ಸಾಗವಾನಿ ಮರ, ಇವತ್ತಿಗೂ ಒಂದು ಕೀಲು ಸಡಿಲ ಆಗಿಲ್ಲ. ಪೆಟ್ಟಿಗೆ ಬೇರೆ ಆದರೆ ಸದ್ದೇ ಬೇರೆ. ಅವನ ಹೆಸರೂ ಹಾಕಬೇಕು."

"ಹೇಳಿ, ಬರ್ಕೋತೀನಿ."

ಹೆಸರು ನೆನಪಾಗಲಿಲ್ಲ. ಅವನ ಮಗ ಎಲ್ಲೋ ಸಿಡ್ಕೋ ಕಡೆ ಇದ್ದಾನೆ, ಕೇಳಿ ಫೋನ್ ಮಾಡ್ತೀನಿ, ಅಲ್ಲಿಯವರೆಗೆ ಏನೂ ಹಾಕಬೇಡ ಅಂದರು. ಹೊಸ ವಾಲ್ವ್ ಹಾಕಿ, ಧೂಳು ಒರೆಸಿ, ವಾಲ್ಯೂಮ್ ಮೂರರಲ್ಲಿ ಇನ್ನೊಂದು ಸಲ ತೆಗೆಯೋಣ ಅಂತಲೂ ಅಂದರು. ನಾನು ಹಳೇ ಫೈಲನ್ನು ಅವತ್ತು ರಾತ್ರಿಯೇ ತೆಗೆದುಹಾಕಿದೆ. ಇಳಿಸಿಕೊಂಡವರ ಹತ್ತಿರ ಅದು ಇದ್ದೇ ಇದೆ. ವಾಲ್ವ್ ಎರಡು ಸಿಕ್ಕಿವೆ, ನನ್ನ ಮೇಜಿನ ಖಾನೆಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಕಾಕಾನ ಫೋನ್ ಇನ್ನೂ ಬಂದಿಲ್ಲ.